ಏಳನೇ ಜೀಪಿನ ತೇಪೆ

ನನ್ನ ಅಳಿಯ ರುಫೀನೊ ಹಡಗಿನ ಕೆಲಸ ಬಿಟ್ಟು ಮನೆಗೆ ಬಂದ ಹನ್ನೊಂದನೇ ದಿನ ಉಪ್ಪಿನ ಡಬ್ಬಿಯ ಜಾಗ ಬದಲಾಯಿಸಿದ. ನಮ್ಮ ಮನೆಯ ಜಗಳ ಶುರುವಾಗಿದ್ದು ಅಲ್ಲಿಂದ, ಜೀಪಿನಿಂದಲ್ಲ. ಜೀಪು ಆಮೇಲೆ ಬಂತು.

ಮೂವತ್ತೊಂದು ವರ್ಷ ಅವನು ಸರಕಿನ ಹಡಗುಗಳಲ್ಲಿ ಅಡುಗೆಯವನಾಗಿದ್ದ. ವರ್ಷಕ್ಕೆರಡು ತಿಂಗಳು ಮನೆಗೆ ಬಂದರೆ ನನ್ನ ಮಗಳು ಲಿಗಾಯ ಅವನನ್ನು ನೆಂಟನ ಹಾಗೆ ನೋಡಿಕೊಳ್ಳುತ್ತಿದ್ದಳು. ಈಗ ನೆಂಟ ಮನೆಯಲ್ಲೇ ಉಳಿದುಬಿಟ್ಟ. ಮನೆಯ ಮುಂಭಾಗದಲ್ಲಿ ಲಿಗಾಯಳ ಲೋಮಿ ಅಂಗಡಿ ಇದೆ. ನಾಲ್ಕು ಮೇಜು. ಬೆರಳು ದಪ್ಪದ ಶಾವಿಗೆ, ಚಮಚ ನೆಟ್ಟರೆ ನಿಲ್ಲುವಷ್ಟು ಮಂದ ಸಾರು. ನಮ್ಮೂರು ಲೀಪಾದಲ್ಲಿ ಲೋಮಿ ಅಂಗಡಿಗಳಿಗೆ ಬರವಿಲ್ಲ, ಆದರೆ ಬೈಕಿಗೆ ಪಕ್ಕದ ಗಾಡಿ ಕಟ್ಟಿದ ಟ್ರೈಸಿಕಲ್ ಓಡಿಸುವವರು ಎರಡು ಬೀದಿ ಸುತ್ತಿಕೊಂಡು ಇವಳ ಅಂಗಡಿಗೇ ಬರುತ್ತಾರೆ.

ಆ ದಿನ ಬೆಳಿಗ್ಗೆ ಸಾರು ಕುದಿಯುತ್ತಿತ್ತು. ಹೊರಗೆ ಆರು ಜನ ಚಮಚ ಹಿಡಿದು ಕೂತಿದ್ದರು. ಲಿಗಾಯಳ ಬಲಗೈ ಉಪ್ಪಿಗೆ ಹೋಯಿತು, ಬರಿಗೈ ವಾಪಸು ಬಂತು.

"ಉಪ್ಪೆಲ್ಲಿ?"

"ಎಡಗಡೆ, ಮೂರನೇ ಹಲಗೆ. ಚೀಟಿ ಅಂಟಿಸಿದೀನಿ ನೋಡು" ಎಂದ ರುಫೀನೊ.

"ಇಪ್ಪತ್ತಾರು ವರ್ಷದಿಂದ ಉಪ್ಪು ನನ್ನ ಬಲಗೈ ಹತ್ರ ಇದೆ. ನನ್ನ ಕೈಗೆ ಓದೋಕೆ ಬರಲ್ಲ."

"ಹಡಗಲ್ಲಿ ಒಲೆ ಪಕ್ಕ ಡಬ್ಬಿ ಇಟ್ರೆ, ಅಲೆ ಬಂದಾಗ..."

"ಇಲ್ಲೆಲ್ಲಿ ಬರುತ್ತೆ ಅಲೆ? ಹೊರಗೆ ಕೂತಿರೋರು ಎದ್ದು ಹೋದ್ರೆ ನಮಗೆ ಅದೇ ಅಲೆ!"

ಅವನೇನು ಕೆಟ್ಟವನಲ್ಲ. ಸುಮ್ಮನೆ ಕೂರಲು ಬರುವುದಿಲ್ಲ, ಅಷ್ಟೇ. ಚಾಕುಗಳನ್ನು ಉದ್ದದ ಪ್ರಕಾರ ಗೋಡೆಗೆ ನೇತುಹಾಕಿದ. ಈರುಳ್ಳಿಯನ್ನು ಬಲೆಯ ಚೀಲದಲ್ಲಿ ತೂಗುಬಿಟ್ಟ, ನನ್ನ ತಲೆಗೆ ದಿನಕ್ಕೆರಡು ಸಲ ಬಡಿಯುತ್ತಿತ್ತು. ಒಂದು ದಿನ ಲಿಗಾಯ ಸಂತೆಗೆ ಹೋದಾಗ ಸಾರಿಗೆ ಮರಗೆಣಸಿನ ಹಿಟ್ಟು ಕಡಿಮೆ ಹಾಕಿ ತೆಳ್ಳಗೆ ಮಾಡಿಟ್ಟ. ಮೊದಲ ಗಿರಾಕಿ ಬಟ್ಟಲೊಳಗೆ ಇಣುಕಿ, "ರುಫೀನಣ್ಣ, ಇವತ್ತು ಕಾಯಿಲೆಯವರಿಗೆ ಮಾಡಿದ್ದಾ?" ಅಂದ. ಸಂಜೆಯವರೆಗೂ ಲಿಗಾಯ ಗಂಡನ ಜೊತೆ ಮಾತಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ಹಿಯಾಸ್ ಮಾತು ತೆಗೆದಳು. ಅವಳು ಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಧೈರ್ಯ ಅವಳೊಬ್ಬಳಿಗೇ.

"ಅಮ್ಮಾ, ಅಪ್ಪಂಗೆ ಏನಾದ್ರೂ ಕೆಲಸ ಕೊಡು. ಇಲ್ದಿದ್ರೆ ನಾಳೆ ನಿನಗೂ ಚೀಟಿ ಅಂಟಿಸ್ತಾರೆ."

ರುಫೀನೊ ಮೀನಿನ ಮುಳ್ಳು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸುತ್ತಿದ್ದ. ಜೋಡಿಸಿ ಮುಗಿಸಿ ಹೇಳಿದ: "ನಂಗೆ ಒಂದು ಆಸೆ ಇದೆ."

ಜೇಬಿನಿಂದ ಫೋನು ತೆಗೆದು ಮೇಜಿನ ಮೇಲಿಟ್ಟ. ಪರದೆಯಲ್ಲಿ ಹಸಿರು ಬಣ್ಣದ ಹಳೇ ಮಿಲಿಟರಿ ಜೀಪು. ಎರಡನೇ ಮಹಾಯುದ್ಧದ ಕಾಲದ್ದು. ಪಕ್ಕದೂರು ಇಬಾನ್‌ನಲ್ಲಿ ಸಬಿನಾ ಅನ್ನುವ ವಿಧವೆಯ ಶೆಡ್ಡಿನಲ್ಲಿದೆ. ಅವಳು ಹೇಳುವ ಬೆಲೆ ಆರೂವರೆ ಲಕ್ಷ ಪೆಸೊ.

ಲಿಗಾಯ ಚಮಚ ಕೆಳಗಿಟ್ಟಳು. ರುಫೀನೊಗೆ ಹಡಗಿನವರು ಕೊಟ್ಟ ಕೊನೆಯ ಹಣ ಏಳು ಲಕ್ಷ. ಪಕ್ಕದ ಗೋಡೆ ಒಡೆದು ಅಂಗಡಿಗೆ ಇನ್ನೂ ನಾಲ್ಕು ಮೇಜು ಹಾಕಬೇಕು ಎಂದು ಅವಳು ಎಷ್ಟೋ ವರ್ಷದಿಂದ ಹೇಳುತ್ತಿದ್ದಳು. ಅದು ನಮಗೆಲ್ಲ ಗೊತ್ತಿತ್ತು.

"ಗಾಡಿ ಬೇಕಾ? ಟ್ರೈಸಿಕಲ್ ತಗೋ. ಮೂರು ಜನ ಕೂರಬಹುದು, ಸಂತೆ ಸಾಮಾನೂ ತರಬಹುದು."

"ಮೂವತ್ತೊಂದು ವರ್ಷ ನೀರಿನ ಮೇಲೆ ಇದ್ದೆ ಲಿಗಾಯ. ಒಂದು ದಿನ ಆದ್ರೂ ಚಕ್ರ ನನ್ನ ಕೈಗೆ ಕೊಟ್ಟಿಲ್ಲ. ಬೇರೆಯವರು ಓಡಿಸ್ತಿದ್ರು, ನಾನು ಕೆಳಗೆ ಈರುಳ್ಳಿ ಹೆಚ್ತಿದ್ದೆ. ಯಾವ ದೇಶದ ಹತ್ರ ಇದೀವಿ ಅಂತ್ಲೂ ಊಟದ ಹೊತ್ತಿಗೇ ಗೊತ್ತಾಗ್ತಿದ್ದಿದ್ದು."

"ಅದಕ್ಕೆ ಆರೂವರೆ ಲಕ್ಷದ ಚಕ್ರ ಬೇಕಾ?"

"ಇದು ಅಸಲಿ. ಯುದ್ಧದಲ್ಲಿ ಬಂದಿಳಿದಿದ್ದು. ಬೀದೀಲಿ ಓಡಾಡೋ ನಕಲಿ ಅಲ್ಲ. ಅಸಲಿ ಆದ್ರೆ ಬೆಲೆ ಎಂದೂ ಇಳಿಯಲ್ಲ, ನಾಳೆ ಮಾರಿದ್ರೂ ದುಡ್ಡು ವಾಪಸು ಬರುತ್ತೆ."

"ಅಸಲಿ ಅಂತ ಯಾರು ಹೇಳಿದ್ದು? ಮಾರೋಳು ತಾನೆ?"

ಆಗ ಮೂವರೂ ನನ್ನ ಕಡೆ ತಿರುಗಿದರು. ನಾನು ಮೆಲೆನ್ಸಿಯೊ, ಓದಿದ್ದು ಮೂರನೇ ಕ್ಲಾಸು. ಹದಿನೆಂಟನೇ ವಯಸ್ಸಿನಿಂದ ಅರವತ್ತೆರಡರವರೆಗೆ ತಗಡು ಬಡಿದು ಜೀಪು ಕಟ್ಟಿದವನು. ಈ ಕಡೆ ಮುದುಕರಲ್ಲಿ ಜೀಪಿನ ಮೈ ಮುಟ್ಟಿ ವಯಸ್ಸು ಹೇಳುವವರು ಈಗ ಬಹಳ ಜನ ಉಳಿದಿಲ್ಲ.

"ಅಪ್ಪ ನೋಡ್ಲಿ" ಎಂದಳು ಲಿಗಾಯ. "ಅಪ್ಪ ಅಸಲಿ ಅಂದ್ರೆ ತಗೋ, ನಾನು ಒಂದು ಮಾತೂ ಆಡಲ್ಲ. ಅಲ್ಲ ಅಂದ್ರೆ ಗೋಡೆ ಒಡಿಯೋದೇ. ಆಮೇಲೆ ಜೀಪಿನ ಹೆಸರು ಎತ್ತಕೂಡದು."

"ಒಪ್ಪಿದೆ" ಎಂದ ರುಫೀನೊ. ನನ್ನನ್ನು ಯಾರೂ ಕೇಳಲಿಲ್ಲ.

ಶನಿವಾರ ಮೂವರು ಇಬಾನ್‌ಗೆ ಹೋದೆವು: ನಾನು, ರುಫೀನೊ, ಹಿಯಾಸ್. ಸಬಿನಮ್ಮ ನನ್ನ ವಯಸ್ಸಿನವಳೇ. ನಾವು ಕೂರುವ ಮೊದಲೇ ಕಾಫಿ ಬಂತು, ಕಾಫಿ ಆರುವ ಮೊದಲೇ ಕಥೆ ಬಂತು. ಗಂಡ ಕಾಸ್ಟೋರ್ ಆ ಜೀಪು ಕೊಂಡಿದ್ದು ಅರವತ್ತೊಂಬತ್ತನೇ ಇಸವಿಯಲ್ಲಿ. ಅದಕ್ಕೂ ಮೊದಲು ಅದು ಅಮೆರಿಕದ ಸೈನಿಕರ ಹತ್ತಿರ ಇತ್ತಂತೆ. ಬೆಟ್ಟದ ತಿರುವಿನಲ್ಲಿ ಜಪಾನಿನವನೊಬ್ಬ ಹಾರಿಸಿದ ಗುಂಡು ಹಿಂದಿನ ಬಲಗಡೆ ತಗಡಿಗೆ ಹೊಡೆದು, ಒಳಗೆ ಕೂತಿದ್ದವನ ಟೋಪಿ ಹಾರಿಸಿಕೊಂಡು ಹೋಯಿತಂತೆ.

"ಆ ತೂತಿಗೆ ತೇಪೆ ಹಾಕಿದಾರೆ, ನೀವೇ ನೋಡಿ" ಎಂದಳು ಸಬಿನಮ್ಮ. "ನಮ್ಮನೆಯವ್ರು ಬಂದವರಿಗೆಲ್ಲ ಮೊದಲು ಅದನ್ನೇ ತೋರಿಸ್ತಿದ್ರು."

ನಾನು ಮೊದಲು ನೆಲದ ಮೇಲೆ ಮಲಗಿ ಕೆಳಗೆ ನೋಡಿದೆ. ಹಿಯಾಸ್ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಫೋನಿನಲ್ಲಿ ಓದತೊಡಗಿದಳು. ಜೀಪಿನ ಹುಚ್ಚಿನವರ ಗುಂಪೊಂದು ಹದಿನಾಲ್ಕು ಪರೀಕ್ಷೆ ಬರೆದು ಹಾಕಿತ್ತಂತೆ.

"ತಾತ, ಒಂದನೇದು. ಮುಂದಿನ ಅಡ್ಡಪಟ್ಟಿ ದುಂಡಗಿದ್ಯಾ, ಚೌಕ ಇದ್ಯಾ?"

"ಚೌಕ. ಅಂದ್ರೆ ಫೋರ್ಡ್‌ನೋರದು."

"ಹಾಗಂತ್ಲೇ ಇದೆ! ಎರಡನೇದು, ಚಾಸಿ ಎಡಗಡೆ ಮೇಲೆ ನಂಬರು."

ಚಾಸಿಯ, ಅಂದರೆ ಗಾಡಿಯ ಕೆಳಚೌಕಟ್ಟಿನ, ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿದೆ. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಎಲ್ಲ ಅಂಕಿ ಒಂದೇ ಆಳ. ಮತ್ತೆ ಹೊಡೆದ ನಂಬರಾದರೆ ಒಂದು ಸೊಟ್ಟ, ಒಂದು ಆಳ ಇರುತ್ತದೆ. ಬೋಲ್ಟುಗಳ ತಲೆಯ ಮೇಲೆ ಎಫ್ ಅಕ್ಷರ ಇತ್ತು. ಎಂಜಿನ್ನು ಆ ಕಾಲದ್ದೇ. ಅದರ ನಂಬರು ಚಾಸಿಯದಕ್ಕೆ ತಾಳೆಯಾಗುತ್ತಿರಲಿಲ್ಲ. ಯುದ್ಧದಲ್ಲೇ ಎಂಜಿನ್ನು ಬದಲಾಗುತ್ತಿದ್ದವು, ಅದು ದೊಡ್ಡ ಮಾತಲ್ಲ. ಗೇರು ಪೆಟ್ಟಿಗೆ, ಎರಡೂ ಅಚ್ಚು, ಎಲ್ಲ ಸರಿಯಾಗಿದ್ದವು. ಚಾಸಿಯ ಬಣ್ಣ ಉಗುರಿನಿಂದ ಕೆರೆದೆ. ಎಲ್ಲಕ್ಕಿಂತ ಕೆಳಗೆ ಮಂಕು ಹಸಿರು. ಸೈನ್ಯದ ಹಸಿರು.

ರುಫೀನೊ ಶೆಡ್ಡಿನ ಕಂಬ ಹಿಡಿದು ನಿಂತಿದ್ದ, ಆಸ್ಪತ್ರೆಯಲ್ಲಿ ಹೆರಿಗೆ ಕೋಣೆಯ ಹೊರಗೆ ನಿಂತ ಹಾಗೆ.

ಆಮೇಲೆ ಮೈಗೆ ಬಂದೆ. ಬೆರಳಗೆಣ್ಣಿನಿಂದ ತಟ್ಟಿದೆ. ಅಯಸ್ಕಾಂತ ಹಿಡಿದು ಪುಟ್ಟಿ ತುಂಬಿದೆಯೇ ನೋಡಿದೆ, ಎಲ್ಲೂ ಇರಲಿಲ್ಲ. ಬಣ್ಣ ಕೆರೆದೆ. ಹಸಿರು, ಅದರ ಕೆಳಗೆ ನೀಲಿ, ಅದರ ಕೆಳಗೆ ಕೆಂಪು ಅಡಿಬಣ್ಣ, ಆಮೇಲೆ ಬರೀ ಉಕ್ಕು. ಮಂಕು ಹಸಿರು ಇರಲೇ ಇಲ್ಲ. ಹಿಂದಿನ ಬಲಮೂಲೆಗೆ ಬಂದು ತೇಪೆಯ ಮೇಲೆ ಕೈಯಿಟ್ಟೆ. ಅಂಗೈಯಗಲದ ಬಿಲ್ಲೆ, ಹೊರಗೊಂದು, ಒಳಗೊಂದು. ಸುತ್ತ ಆರು ರಿವೆಟ್. ಮೇಲಿನ ಎಡಗಡೆಯ ರಿವೆಟ್ಟು ಒಂದು ಕೂದಲಷ್ಟು ಓರೆ.

ಆ ಓರೆ ನನ್ನ ಕೈಗೆ ಗೊತ್ತಿತ್ತು.

ಅರವತ್ತೇಳನೇ ಇಸವಿಯಲ್ಲಿ ನಾನು ತೆಬಾನ್ ಮೇಸ್ತ್ರಿಯ ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಯುದ್ಧದ ಜೀಪುಗಳ ಚಾಸಿ ಗಟ್ಟಿಯಾಗಿರುತ್ತಿದ್ದವು, ಮೈ ಮಾತ್ರ ತುಕ್ಕು ಹಿಡಿದು ಜಾಳಾಗಿರುತ್ತಿತ್ತು. ಮೇಸ್ತ್ರಿ ಒಂದು ಒಳ್ಳೆಯ ಜೀಪು ತಂದು ನಿಲ್ಲಿಸಿ, "ಇದನ್ನ ನೋಡ್ಕೊಂಡು ಮೈ ಮಾಡು. ಕೂದಲೆಳೆ ವ್ಯತ್ಯಾಸ ಬರಕೂಡದು" ಅಂದ. ನಾನು ಹೇಳಿದಂತೆ ಕೇಳುವವನು. ಅಳೆದೆ, ಮಡಿಸಿದೆ, ಬಡಿದೆ. ಮಾದರಿ ಜೀಪಿನ ಹಿಂದೆ ಗುಂಡಿನ ತೂತಿಗೆ ಹಾಕಿದ ತೇಪೆಯೊಂದಿತ್ತು. ಅದನ್ನೂ ಅಳೆದೆ, ಒಂದು ಓರೆ ರಿವೆಟ್ಟಿನ ಸಮೇತ. ತೂತೇ ಇಲ್ಲದ ಹೊಸ ತಗಡಿನ ಮೇಲೆ ಹಾಗೇ ತೇಪೆ ಹಾಕಿದೆ.

ಮೇಸ್ತ್ರಿ ಬಂದು ನೋಡಿ ಹಣೆ ಚಚ್ಚಿಕೊಂಡ. "ಕತ್ತೆ! ತೇಪೇನೂ ನಕಲು ಮಾಡ್ತಾರೇನೋ?"

"ಕೂದಲೆಳೆ ವ್ಯತ್ಯಾಸ ಬೇಡ ಅಂದ್ರಲ್ಲ ಮೇಸ್ತ್ರೀ."

ಶೆಡ್ಡಿನವರೆಲ್ಲ ಒಂದು ವಾರ ನಕ್ಕರು. ಎಂಟನೇ ದಿನ ಗಿರಾಕಿಯೊಬ್ಬ ಬಂದು, ತೇಪೆ ಸವರಿ, "ಗುಂಡು ತಿಂದದ್ದಾ?" ಅಂತ ಕೇಳಿದ. ಮೇಸ್ತ್ರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವನು ಚೌಕಾಸಿ ಮಾಡದೆ ಕೊಂಡುಹೋದ. ಅಂದಿನಿಂದ ಮೇಸ್ತ್ರಿ ನನಗೆ ನೆನಪಿಸುತ್ತಿದ್ದ: "ತೇಪೆ ಮರೀಬೇಡ." ಒಟ್ಟು ಹನ್ನೊಂದು ಮಾಡಿದೆ. ಮೊದಲನೆಯದು ತಪ್ಪು. ಮಿಕ್ಕ ಹತ್ತನ್ನು ತಪ್ಪು ಅನ್ನುವ ಹಾಗಿಲ್ಲ, ಗೊತ್ತಿದ್ದೇ ಮಾಡಿದ್ದು.

"ತಾತ, ಏನಾಯ್ತು?" ಎಂದಳು ಹಿಯಾಸ್.

"ಚಾಸಿ ಅಸಲಿ. ಎಂಜಿನ್ನು ಅಸಲಿ" ಎಂದೆ. "ಮೈ ಇನ್ನೊಂದು ಸಲ ನೋಡ್ಬೇಕು. ಬೆಳಕು ಸಾಲ್ದು."

ಹೊರಗೆ ಉರಿಬಿಸಿಲಿತ್ತು. ರುಫೀನೊ ನನ್ನ ಕೈ ಹಿಡಿದು ಎತ್ತಿ, ಬೆನ್ನಿನ ದೂಳು ಕೊಡವಿದ. ದಾರಿಯುದ್ದಕ್ಕೂ ಸಿಳ್ಳೆ ಹಾಕಿದ.

ಆಮೇಲೆ ಮೂರು ವಾರ ನಾನು ನೆಪ ಹೇಳಿದೆ. ಮೊದಲು ಮಂಡಿನೋವು. ಎರಡನೇ ವಾರ ಮಳೆ. ಮೂರನೇ ವಾರ ಮತ್ತೆ ಮಂಡಿ. ಆ ಮೂರು ವಾರದಲ್ಲಿ ರುಫೀನೊ ಚಾಸಿಯ ನಂಬರನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಕೊಂಡ. ಅಂಗಳದಲ್ಲಿ ಜೀಪು ನಿಲ್ಲಿಸುವ ಜಾಗಕ್ಕೆ ಕಲ್ಲು ಹಾಸಿದ. ಮಿಕ್ಕ ಹೊತ್ತು ಅಡುಗೆಮನೆ. ಲಿಗಾಯಳ ದೊಡ್ಡ ಬಾಣಲೆಯನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿಟ್ಟ. ಇಪ್ಪತ್ತಾರು ವರ್ಷ ಹದ ಬಂದಿದ್ದ ಬಾಣಲೆ, ಮಾರನೇ ದಿನ ಶಾವಿಗೆ ತಳ ಹಿಡಿಯಿತು.

ಲಿಗಾಯ ಹಿತ್ತಿಲಿಗೆ ಬಂದು ನನ್ನ ಪಕ್ಕ ಕೂತಳು. ನಾನು ಬೆಳ್ಳುಳ್ಳಿ ಬಿಡಿಸುತ್ತಿದ್ದೆ.

"ಅಪ್ಪಾ, ಅಸಲಿ ಅಂದ್ಬಿಡು."

"ಏನಂದೆ?"

"ಅಸಲೀನೋ ನಕಲೀನೋ, ಹೂಂ ಅಂದ್ಬಿಡು. ಆ ಮನುಷ್ಯ ಅಡುಗೆಮನೆಯಿಂದ ಆಚೆ ಹೋದ್ರೆ ಸಾಕು. ಗೋಡೆ ಇನ್ನೊಂದು ಹತ್ತು ವರ್ಷ ನಿಂತ್ಕೊಳ್ಲಿ, ನನಗೆ ನನ್ನ ಒಲೆ ಕೊಡ್ಸು."

"ನಿನಗೆ ನಾಲ್ಕು ಮೇಜು ಬೇಕಿತ್ತಲ್ಲ?"

"ಬೇಕಿತ್ತು." ಅವಳು ಒಂದು ಬೆಳ್ಳುಳ್ಳಿ ತೆಗೆದುಕೊಂಡು ಸಿಪ್ಪೆ ಸುಲಿದಳು. "ಮೂವತ್ತೊಂದು ವರ್ಷ ಈರುಳ್ಳಿ ಹೆಚ್ಚಿ ಕಳ್ಸಿದ ದುಡ್ಡಲ್ಲಿ ಈ ಮನೆ ಆಯ್ತು. ನನಗೂ ಗೊತ್ತು ಅದು."

ನಾನು ಮುಂದಿನ ಬೆಳ್ಳುಳ್ಳಿ ಕೈಗೆತ್ತಿಕೊಂಡೆ. ಹೂಂ ಅಂದರೆ ಮನೆಯಲ್ಲಿ ಎಲ್ಲರಿಗೂ ನೆಮ್ಮದಿ. ಆದರೆ ಆರೂವರೆ ಲಕ್ಷ ಅಸಲಿ ಮೈಗೆ ಕೊಡುವ ಬೆಲೆ. ಅವನು ಯುದ್ಧದ ಜೀಪು ಅಂದುಕೊಂಡು ಕೊಳ್ಳುತ್ತಿರುವುದು ನಾನು ಬಡಿದ ತಗಡು. ತೆಬಾನ್ ಮೇಸ್ತ್ರಿಯ ಹಾಗೆ ಹೂಂ ಅನ್ನದೆ, ಉಹೂಂ ಅನ್ನದೆ ಕೂರುವುದು ನನಗೂ ಬರುತ್ತದೆ ಅಂತ ಆ ಮೂರು ವಾರದಲ್ಲಿ ತಿಳಿಯಿತು.

ನಾಲ್ಕನೇ ಭಾನುವಾರ ಪೂಜೆ ಮುಗಿಸಿ ಇಗರ್ಜಿಯಿಂದ ನೇರ ಇಬಾನ್‌ಗೆ ಹೋದೆವು. ಈ ಸಲ ಲಿಗಾಯಳೂ ಬಂದಳು. ರುಫೀನೊ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಸಬಿನಮ್ಮ ಕಾಫಿ ತಂದಳು, ಗುಂಡಿನ ಕಥೆಯನ್ನು ಲಿಗಾಯಳಿಗಾಗಿ ಮೊದಲಿಂದ ಹೇಳಿದಳು. ಟೋಪಿ ಈ ಸಲ ಇನ್ನೂ ದೂರ ಹಾರಿತು.

ಲಿಗಾಯ ಜೀಪನ್ನು ಒಂದು ಸುತ್ತು ನೋಡಿ, "ಚೆನ್ನಾಗಿದೆ, ಚಿಕ್ಕದಿದೆ" ಎಂದಳು. "ಸಂತೆ ಚೀಲ ಎಲ್ಲಿಡೋದು ಇದ್ರಲ್ಲಿ?"

"ಹಿಂದೆ ಚಕ್ರದ ಮೇಲೆ ಪೆಟ್ಟಿಗೆ ಇದೆ ನೋಡು. ಸಾಮಾನು ಹಾಕೋದು" ಎಂದ ರುಫೀನೊ, ಆಗಲೇ ತನ್ನದೇ ಗಾಡಿ ಅನ್ನುವಂತೆ.

ಅವಳು ಬಗ್ಗಿ ಪೆಟ್ಟಿಗೆಯ ಮುಚ್ಚಳದ ಕೆಳಗೆ ಬೆರಳು ಹಾಕಿ ಎತ್ತಿದಳು. ಅರ್ಧ ಎತ್ತಿ ನಿಂತಳು. ಹೆಬ್ಬೆರಳನ್ನು ಅಂಚಿನ ಒಳಗಡೆ ಈ ತುದಿಯಿಂದ ಆ ತುದಿಗೆ ಓಡಿಸಿದಳು. ಮೂಲೆಗೆ ಬಂದು ಮತ್ತೆ ಸವರಿದಳು.

"ಅಪ್ಪಾ" ಎಂದಳು. "ಇದು ನಮ್ಮನೆ ಅಕ್ಕಿ ಡಬ್ಬಿ."

"ಏನು?" ಎಂದ ರುಫೀನೊ.

"ಅಂಚು! ಎರಡು ಸಲ ಮಡಿಸಿ, ಮೂಲೇಲಿ ತುದೀನ ಒಳಗೆ ಸುತ್ತಿರೋದು. ನೀನು ಮಾಡಿದ ಅಕ್ಕಿ ಡಬ್ಬಿದು ಹೀಗೇ ಇದೆ. ರೊಟ್ಟಿ ತಟ್ಟೆದೂ ಹೀಗೇ. ಚಿಕ್ಕಂದಿನಿಂದ ದಿನಾ ಮುಟ್ತಿದೀನಿ, ನನಗೆ ಗೊತ್ತಾಗಲ್ವಾ? ಅಮ್ಮ ಬೆರಳು ಕುಯ್ಕೊಂಡ್ಳು ಅಂತ ನೀನು ಹಾಗೆ ಮಡಿಸೋಕೆ ಶುರು ಮಾಡಿದ್ದು. ಬೇರೆ ಯಾರೂ ಹೀಗೆ ಮಡಿಸಲ್ಲ."

ಎಲ್ಲರೂ ನನ್ನನ್ನೇ ನೋಡಿದರು. ಇನ್ನು ಬೆಳಕು ಸಾಲದು ಅನ್ನುವ ಹಾಗಿರಲಿಲ್ಲ.

"ಹೌದು" ಎಂದೆ. "ಮೈ ನಾನು ಮಾಡಿದ್ದು. ಅರವತ್ತೇಳರಲ್ಲಿ." ಮೇಸ್ತ್ರಿಯ ವಿಷಯ, ಹನ್ನೊಂದು ಮೈಗಳ ವಿಷಯ, ಎಲ್ಲ ಹೇಳಿದೆ. ತೇಪೆಯ ವಿಷಯಕ್ಕೆ ಬಂದಾಗ ಸಬಿನಮ್ಮನ ಮುಖ ನೋಡಲಾಗಲಿಲ್ಲ. ನೆಲ ನೋಡಿಕೊಂಡು ಹೇಳಿ ಮುಗಿಸಿದೆ.

"ಇಲ್ಲ, ಇಲ್ಲ" ಎಂದಳು ಸಬಿನಮ್ಮ. "ಮಡಿಕೆ ನಿಮ್ಮದಿರಬಹುದು. ಗುಂಡು ಮಾತ್ರ ನಿಜ. ನಮ್ಮನೆಯವ್ರು ಆಣೆ ಮಾಡಿ ಹೇಳ್ತಿದ್ರು."

"ತೇಪೆ ಬಿಚ್ತೀನಿ ತಾಯಿ" ಎಂದೆ. "ಕೆಳಗೆ ತೂತಿದ್ರೆ ನೀವು ಹೇಳಿದ ಬೆಲೆ ಪೂರ್ತಿ ಕೊಡ್ತೀವಿ. ಇಲ್ದಿದ್ರೆ ಕೆಳಗೆ ನಂಬರು ಏಳು ಅಂತ ಗೀಚಿರಬೇಕು, ಇಲ್ಲಾ ಎಂಟು. ಬಿಲ್ಲೆ ಅದಲು ಬದಲು ಆಗದಿರ್ಲಿ ಅಂತ ತಗಡಿನ ಮೇಲೆ ಗೀಚ್ತಿದ್ದೆ. ನೀಲಿ ಬಣ್ಣ ಹೊಡೆದಿದ್ದು ಅವೆರಡಕ್ಕೇ."

"ಮಾವ, ಪೂರ್ತಿ ಬೆಲೆ ಅಂದ್ರೆ..." ಎಂದು ಶುರು ಮಾಡಿದ ರುಫೀನೊ.

"ಸುಮ್ನಿರು" ಎಂದಳು ಲಿಗಾಯ.

ಸಬಿನಮ್ಮ ಒಳಗೆ ಹೋಗಿ ಗಂಡನ ಸುತ್ತಿಗೆ, ಉಳಿ ತಂದುಕೊಟ್ಟಳು. ರಿವೆಟ್ಟಿನ ತಲೆಗಳನ್ನು ಒಂದೊಂದಾಗಿ ಹಾರಿಸಿದೆ. ಆರನೆಯದು, ಓರೆಯದು, ಕೊನೆಗೆ ಬಂತು. ಬಿಲ್ಲೆಯ ಕೆಳಗೆ ಉಳಿಯ ಮೊನೆ ಹಾಕಿ ಮೆಲ್ಲಗೆ ಎತ್ತಿದೆ.

ಕೆಳಗೆ ಕೆಂಪು ಅಡಿಬಣ್ಣ, ಹೊಚ್ಚಹೊಸದರ ಹಾಗೆ. ಅಂಚಿನಲ್ಲಿ ಆರು ರಿವೆಟ್ಟಿನ ತೂತು. ನಡುವೆ ತಗಡು ಅಂಗೈಯಷ್ಟು ಚೊಕ್ಕವಾಗಿತ್ತು. ಅದರ ಮೇಲೆ ನನ್ನ ಸೊಟ್ಟ ಕೈಬರಹದಲ್ಲಿ ಏಳು.

ಸಬಿನಮ್ಮ ಬಗ್ಗಿ ನೋಡಿದಳು. ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು. ಬೆರಳಿನಿಂದ ತಗಡು ಒತ್ತಿದಳು. ಅವಳ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾಳೆ ಎಂದು ಹಿಯಾಸ್ ಹತ್ತಿರ ಹೋದಳು.

ಅಳುತ್ತಿರಲಿಲ್ಲ.

"ಐವತ್ತು ವರ್ಷ!" ಎಂದಳು ನಗುತ್ತಾ. "ಐವತ್ತು ವರ್ಷ ಈ ಗುಂಡಿನ ಕಥೆ ಕೇಳೋಕೆ ಬಂದವರಿಗೆಲ್ಲ ಕಾಫಿ ಕಾಯಿಸಿದೀನಿ! ಪಾದ್ರಿಗೆ, ಮೇಯರಿಗೆ, ವಿಮೆ ಮಾರೋಕೆ ಬಂದವನಿಗೆ! ಇಲ್ಲದೇ ಇರೋ ತೂತಿಗೆ!" ಜೀಪಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಕಪ್ಪೆ ಕಂಡ್ರೆ ಹೆದರ್ತಿದ್ದ ನನ್ನ ಗಂಡ. ಗುಂಡಿನ ಮಾತು ಬಂದ್ರೆ ಎದೆ ಹೀಗೆ ಉಬ್ತಿತ್ತು!"

ಎಲ್ಲರೂ ನಕ್ಕೆವು. ರುಫೀನೊ ನಗಲಿಲ್ಲ.

ನಗು ನಿಂತ ಮೇಲೆ ಅವಳೇ ಕೇಳಿದಳು: "ಮಾಡಿದವರು ನೀವೇ. ನೀವೇ ಹೇಳಿ, ಎಷ್ಟು ಬಾಳುತ್ತೆ?"

"ಚಾಸಿ, ಎಂಜಿನ್ನು, ಅಚ್ಚು ಯುದ್ಧದ್ದೇ. ಮೈ ನಕಲು. ಮೂರೂವರೆ ಲಕ್ಷ ನ್ಯಾಯ."

"ನನಗೇನು ಬೇಕು? ಮೊಮ್ಮಗಳು ಈ ಶೆಡ್ಡಲ್ಲಿ ಹೊಲಿಗೆ ಅಂಗಡಿ ಹಾಕ್ತಾಳಂತೆ, ಜಾಗ ಖಾಲಿ ಆದ್ರೆ ಸಾಕು. ಮೂರೂವರೆಗೇ ತಗೊಂಡು ಹೋಗಿ. ಆದ್ರೆ ತೇಪೆ ಇದ್ದ ಹಾಗೇ ಹಾಕ್ಬೇಕು. ತೇಪೆ ಇಲ್ದೆ ಅದು ನಮ್ಮನೆಯವ್ರ ಜೀಪೇ ಅಲ್ಲ."

ರುಫೀನೊ ಲಿಗಾಯಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಮಾತು ಆಗಿಹೋಗಿತ್ತು: ಅಸಲಿ ಅಲ್ಲದಿದ್ದರೆ ಜೀಪಿನ ಹೆಸರು ಎತ್ತಕೂಡದು.

"ಬೇಡ ತಾಯಿ" ಎಂದ ಅವನು. "ಮನೇಲಿ ಒಂದು ಮಾತು ಆಗಿದೆ."

ಮನೆಗೆ ಬಂದು ಚಪ್ಪಲಿ ಬಿಚ್ಚುವಾಗ ಲಿಗಾಯ ನನ್ನ ಮೇಲೆ ಹಾರಿಬಿದ್ದಳು. "ಮಾಡಿದೋನು ನೀನೇ, ನೋಡಿದೋನು ನೀನೇ, ಮೂರು ವಾರ ಮಂಡಿನೋವು ಅಂತ ನಾಟಕ ಬೇರೆ! ಆ ಮನುಷ್ಯ ಕಲ್ಲು ಹಾಸೋದನ್ನ ನೋಡ್ತಾ ಕೂತಿದ್ಯಲ್ಲಪ್ಪಾ!"

"ಹೂಂ ಅಂದ್ಬಿಡು ಅಂದೋಳು ಯಾರು?"

"ನಾನು ಅಂದೆ. ನೀನು ಅನ್ಲಿಲ್ಲ ತಾನೆ? ಹೂಂ ಅನ್ನೋದಾದ್ರೆ ಹೂಂ ಅನ್ಬೇಕು, ಇಲ್ದಿದ್ರೆ ಉಹೂಂ ಅನ್ಬೇಕು."

ಅವಳ ಮಾತು ಸರಿಯಿತ್ತು. ನಾನು ರುಫೀನೊನ ಹತ್ತಿರ ಹೋಗಿ, "ತಪ್ಪಾಯ್ತಪ್ಪಾ" ಎಂದೆ.

"ಬಿಡಿ ಮಾವ. ಕಲ್ಲು ಹಾಸಿದ ಜಾಗದಲ್ಲಿ ಮೇಜು ಹಾಕಬಹುದು" ಎಂದ. ಆ ರಾತ್ರಿ ಮೀನಿನ ಮುಳ್ಳು ಜೋಡಿಸಲಿಲ್ಲ, ತಟ್ಟೆಯಲ್ಲಿ ಹಾಗೇ ಬಿಟ್ಟ.

ಸೋಮವಾರ ಗೋಡೆ ಒಡೆಯುವವನನ್ನು ತಾನೇ ಹೋಗಿ ಕರೆತಂದು ಅಳತೆ ಕೊಟ್ಟ. ಮಂಗಳವಾರ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ. ಬುಧವಾರವೂ ಕೂತಿದ್ದ. ಅಡುಗೆಮನೆಗೆ ಕಾಲಿಡಲಿಲ್ಲ. ಲಿಗಾಯಳಿಗೆ ತನ್ನ ಒಲೆ ಸಿಕ್ಕಿತ್ತು, ಆದರೂ ಎರಡು ಸಲ ಸುಮ್ಮನೆ ಬಾಗಿಲಿಗೆ ಬಂದು ಅವನನ್ನು ನೋಡಿ ಒಳಗೆ ಹೋದಳು.

ಗುರುವಾರ ಬೆಳಿಗ್ಗೆ ಸಾರು ಕುದಿಯುತ್ತಿತ್ತು. ನಾನು ಮೊಟ್ಟೆ ಸುಲಿಯುತ್ತಿದ್ದೆ. ಲಿಗಾಯ ಎಡಗಡೆ ಮೂರನೇ ಹಲಗೆಗೆ ಕೈ ಚಾಚಿದಳು. ಇಷ್ಟು ದಿನದಲ್ಲಿ ಅವಳ ಕೈಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು. ಅಲ್ಲಿ ಡಬ್ಬಿ ಇರಲಿಲ್ಲ. ತಿರುಗಿ ನೋಡಿದರೆ ಉಪ್ಪು ಅವಳ ಬಲಗೈ ಹತ್ತಿರ, ಮೊದಲಿನ ಜಾಗದಲ್ಲೇ.

"ಇದನ್ನ ಇಲ್ಲಿ ಯಾರಿಟ್ಟಿದ್ದು?"

ಹಿಯಾಸ್ ಕೆಲಸಕ್ಕೆ ಹೊರಟಿದ್ದಳು. "ಅಪ್ಪ. ಬೆಳಿಗ್ಗೆ ಎದ್ದು ಎಲ್ಲ ಚೀಟೀನೂ ಕಿತ್ತಾಕಿದ್ರು. ಅಂಟು ಹೋಗ್ಲಿಲ್ಲ ಅಂತ ಕಲಮನ್ಸಿ ನಿಂಬೆ ಹಿಂಡಿ ಉಜ್ಜುತಾ ಇದ್ರು."

ಲಿಗಾಯ ಉಪ್ಪು ಹಾಕಿದಳು. ಕಲಕಿದಳು. ರುಚಿ ನೋಡಿದಳು. ಸೌಟು ಕೈಯಲ್ಲೇ ಹಿಡಿದು ಅಂಗಡಿಗೆ ಹೋದಳು. ನಾನು ಮೊಟ್ಟೆ ಬಿಟ್ಟು ಹಿಂದೆ ಹೋದೆ.

"ರುಫೀನೊ, ಏಳು ಲಕ್ಷದಲ್ಲಿ ಮೂರೂವರೆ ಹೋದ್ರೆ ಎಷ್ಟು ಉಳಿಯುತ್ತೆ?"

"ಮೂರೂವರೆ. ಯಾಕೆ?"

"ಗೋಡೆ ಒಡಿಯೋನು ಎಷ್ಟಾಗುತ್ತೆ ಅಂದ?"

"ಎರಡೂಮುಕ್ಕಾಲು." ಅವನು ನಿಧಾನಕ್ಕೆ ಎದ್ದು ನಿಂತ. "ಲಿಗಾಯ, ಅದು ಅಸಲಿ ಅಲ್ಲ. ಮಾತು ಮಾತೇ."

"ಮಾತಾಡಿದೋಳು ನಾನು. ಹಿಂದಕ್ಕೆ ತಗೊಳ್ಳೋಳೂ ನಾನೇ. ನಮ್ಮಪ್ಪ ಮಾಡಿದ ಮೈ ಬೇರೆಯವರ ಶೆಡ್ಡಲ್ಲಿ ಯಾಕಿರ್ಬೇಕು? ನಿನಗೆ ಬೇಕೋ ಬೇಡ್ವೋ, ಅಷ್ಟು ಹೇಳು. ಸಾರು ಉಕ್ಕುತ್ತೆ."

"ಬೇಕು" ಎಂದ. ಮೂವತ್ತೊಂದು ವರ್ಷ ಹಡಗಿನಲ್ಲಿದ್ದವನ ಕಣ್ಣಿನ ಅಂಚು ಒದ್ದೆಯಾಯಿತು. ಅದನ್ನು ಮುಚ್ಚಲು ಸಾರು ನೋಡುತ್ತೇನೆ ಅಂತ ಒಳಗೆ ಓಡಿದ.

"ನೀನಲ್ಲ! ನಾನು ನೋಡ್ತೀನಿ!" ಎಂದು ಅವಳೂ ಓಡಿದಳು.

ತೇಪೆಯನ್ನು ಸಬಿನಮ್ಮನ ಅಂಗಳದಲ್ಲೇ ಹಾಕಿಕೊಟ್ಟೆ. ಹೊಸ ರಿವೆಟ್ಟು ಆರು. ಐದನ್ನು ನೇರ ಹೊಡೆದೆ. ಆರನೆಯದನ್ನು ಓರೆಯಾಗಿ ಹೊಡೆಯಲು ಈ ವಯಸ್ಸಿನಲ್ಲಿ ಬಹಳ ಕಷ್ಟವಾಯಿತು. ಮೂರು ರಿವೆಟ್ಟು ಕೆಟ್ಟವು. ಏಳು ಅನ್ನುವ ಅಂಕಿ ಹಾಗೇ ಕೆಳಗಿದೆ.

ಈಗ ಅಂಗಡಿಯಲ್ಲಿ ಎಂಟು ಮೇಜು. ಬೆಳಿಗ್ಗೆ ಶಾವಿಗೆ, ಮೊಟ್ಟೆ, ಮಾಂಸ ತರುವುದು ರುಫೀನೊನ ಕೆಲಸ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ತೆಗೆದುಕೊಳ್ಳುತ್ತಾನೆ, ಲಿಗಾಯ ಕೇಳುವುದಿಲ್ಲ. ಭಾನುವಾರ ಜೀಪಿನವರ ಗುಂಪಿಗೆ ಹೋಗುತ್ತಾನೆ. ಅಲ್ಲೊಬ್ಬ ಬಗ್ಗಿ ನೋಡಿ, "ಮೈ ನಕಲು" ಅಂದನಂತೆ. "ಹೌದು, ನಮ್ಮ ಮಾವ ಮಾಡಿದ್ದು. ಬೇಕಾದ್ರೆ ಅವರ ಅಕ್ಕಿ ಡಬ್ಬಿ ಇದೆ, ಬಂದು ನೋಡಿ" ಅಂದನಂತೆ ಇವನು.

ಜೀಪು ಅಂಗಡಿಯ ಮುಂದೆ ನಿಂತರೆ ಗಿರಾಕಿಗಳು ತೇಪೆ ಮುಟ್ಟಿ ನೋಡುತ್ತಾರೆ. ರುಫೀನೊ ನಡೆದದ್ದು ನಡೆದ ಹಾಗೇ ಹೇಳುತ್ತಾನೆ, ಮೇಸ್ತ್ರಿ ಹಣೆ ಚಚ್ಚಿಕೊಂಡದ್ದರ ಸಮೇತ. ಯಾರೂ ನಂಬುವುದಿಲ್ಲ. "ಸುಮ್ನಿರು ರುಫೀನಣ್ಣ, ತೂತಿಲ್ದೆ ಯಾರಾದ್ರೂ ತೇಪೆ ಹಾಕ್ತಾರಾ?" ಅನ್ನುತ್ತಾರೆ. ನನ್ನನ್ನು ಕೇಳಿದರೆ ನಾನೂ ತೂತಿಲ್ಲ ಅನ್ನುತ್ತೇನೆ. 'ಮುದುಕನಿಗೆ ಮರೆವು' ಎಂದು ನಗುತ್ತಾರೆ. ಆಮೇಲೆ ತಮ್ಮ ತಮ್ಮಲ್ಲೇ ಜಪಾನಿನವನು ಎಲ್ಲಿ ಅಡಗಿದ್ದ, ಗುಂಡು ಯಾವ ಕಡೆಯಿಂದ ಬಂತು ಎಂದು ವಾದಕ್ಕೆ ಬೀಳುತ್ತಾರೆ. ವಾದ ಮುಗಿಯುವಷ್ಟರಲ್ಲಿ ಎರಡೆರಡು ಲೋಟ ಕಾಫಿ ಆಗಿರುತ್ತದೆ.

ಕಳೆದ ತಿಂಗಳು ಸಬಿನಮ್ಮ ಮೊಮ್ಮಗಳ ಜೊತೆ ಬಂದಿದ್ದಳು. ಗೋಡೆ ಪಕ್ಕದ ಹೊಸ ಮೇಜಿನಲ್ಲಿ ಕೂತಳು. ಅವಳು ಯಾರೆಂದು ಗೊತ್ತಿಲ್ಲದ ಟ್ರೈಸಿಕಲ್ ಹುಡುಗನೊಬ್ಬ ಗುಂಡಿನ ಕಥೆ ಹೇಳುತ್ತಿದ್ದ. ಟೋಪಿ ಹಾರಿ ಕೆಳಗಿನ ಹೊಳೆಗೆ ಬಿದ್ದಿತ್ತು. ಸಬಿನಮ್ಮ ಕೈಕಟ್ಟಿ, ಅವನ ಮುಖವನ್ನೇ ನೋಡುತ್ತಾ ಪೂರ್ತಿ ಕೇಳಿದಳು. ಲಿಗಾಯ ಕಾಫಿ ತಂದು ಮುಂದಿಟ್ಟಳು.

ಅವಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಈ ಗುಂಡಿನ ಕಾಫಿನ ಕೂತ್ಕೊಂಡು ಕುಡೀತಿರೋದು ಇದೇ ಮೊದಲು" ಎಂದಳು. "ಇನ್ನೊಂದು ಲೋಟ ಕಾಯಿಸಮ್ಮ. ಆ ಹುಡುಗಂಗೆ ಇನ್ನೊಂದು ಸಲ ಹೇಳು ಅನ್ನು."